ಕಪ್ಪೆಯ ಹಿಂಗಾಲು, ನನ್ನ ಮುಂಗೈ

ಪ್ರಾಣಿಶಾಸ್ತ್ರದ ಮೇಡಂಗೆ ಕಪ್ಪೆ, ಹಲ್ಲಿ ಕಂಡರೆ ಜೀವ ಬಾಯಿಗೆ ಬರುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಯಾರೂ ನಂಬದಿರುವುದರಿಂದಲೇ ನನ್ನ ಕೆಲಸ ಉಳಿದಿದೆ, ಈ ಕೆಳಗಿನಂಥ ಫಜೀತಿಗಳೂ ನನಗೆ ಆಗುತ್ತಲೇ ಇವೆ. ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಪ್ಪೆ ಹೇಗೆ ಹಾರುತ್ತದೆ, ಹಲ್ಲಿ ಹೇಗೆ ಅಂಟಿಕೊಳ್ಳುತ್ತದೆ ಅನ್ನುವುದೇ ನನ್ನ ಪಾಠ. ಪ್ರತಿ ಜೂನ್‌ನಲ್ಲಿ ನನ್ನನ್ನು ಮುಂದುವರಿಸಬೇಕೋ ಬೇಡವೋ ಅಂತ ಕೂತು ಯೋಚಿಸುತ್ತಾರೆ. ಭಯದ ಸುದ್ದಿ ಹೊರಬಿದ್ದರೆ ಯೋಚಿಸುವ ತೊಂದರೆಯೂ ಇರುವುದಿಲ್ಲ.

೧. ಸಿರುಗುಪ್ಪದ ಬದು

ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವುದು ನಿಂತು ವರ್ಷಗಳಾದವು. ಈಗ ಗದ್ದೆಗೇ ಹೋಗಿ, ಹಾರುವುದನ್ನು ಮೊಬೈಲಿನಲ್ಲಿ ಹಿಡಿದು, ಟೇಪಿನಲ್ಲಿ ಅಳೆದು ಬರುತ್ತೇವೆ. ಸಿರುಗುಪ್ಪದ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ: "ನೋಡಿ, ಹಿಂಗಾಲು ಹೇಗೆ ಮಡಚಿ ಕೂತಿದೆ! ಹಾರುವ ಮೊದಲೇ ಸ್ನಾಯು ಬಿಗಿದು, ಬಿಲ್ಲಿನ ಹಾಗೆ ಎಳೆದಿಟ್ಟುಕೊಂಡು, ಒಂದೇ ಸಲಕ್ಕೆ..."

ಕಪ್ಪೆ ನನ್ನ ಮಾತು ಮುಗಿಯುವವರೆಗೆ ಕಾಯದೆ ಹಾರಿಬಿಟ್ಟಿತು. ಕಣ್ಣು ಬಿಟ್ಟಾಗ ನಾನು ಪಕ್ಕದ ಗದ್ದೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತಿದ್ದೆ. "ಜಾರಿದೆ" ಅಂದೆ. ವಿದ್ಯಾರ್ಥಿಗಳು ನಂಬಿದರು. ಜೊತೆಗೆ ಬಂದಿದ್ದ ನಮ್ಮ ಲ್ಯಾಬಿನ ಹಿರಿಯ ಅಟೆಂಡರ್ ಮಾತ್ರ ಟೇಪು ಹಿಡಿದು ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಅಂದರು:

"ಕಪ್ಪಿ ನಾಕಡಿ ಹಾರೈತ್ರಿ ಮೇಡಮ್ಮೋರ. ನೀವು ಐದೂವರಿ. ಯಾವುದು ಬರಸಲಿ?"

೨. ಕುರುಗೋಡಿನ ಹಲ್ಲಿ

ಅವತ್ತಿನಿಂದ ಗುಟ್ಟು ನಮ್ಮಿಬ್ಬರದು. ಮುಂದೆ ಕುರುಗೋಡಿನ ಒಂದು ಶಾಲೆಗೆ ವಿಜ್ಞಾನ ಹೇಳಲು ಹೋದೆವು. ಕಾಲಿಟ್ಟ ತಕ್ಷಣ ಮೇಲೆ ನೋಡಿದೆ. ಭಯ ಇರುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಛಾವಣಿಯಲ್ಲಿ, ಸರಿಯಾಗಿ ನನ್ನ ನೆತ್ತಿಯ ಮೇಲೆ, ಒಂದು ಹಲ್ಲಿ.

ಮಕ್ಕಳಿಗೆ ಹೇಳುವ ನೆಪದಲ್ಲಿ ನನಗೇ ಧೈರ್ಯ ಹೇಳಿಕೊಂಡೆ: "ಅದರ ಕಾಲಲ್ಲಿ ಅಂಟೂ ಇಲ್ಲ, ಗೋಂದೂ ಇಲ್ಲ. ಬೆರಳಿನಡಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು, ಲಕ್ಷಗಟ್ಟಲೆ. ಅದು ಯಾವತ್ತೂ ಬೀಳುವುದಿಲ್ಲ."

ಬಿತ್ತು. ಹೆಗಲ ಮೇಲೆ ಬಿದ್ದು, ಸೆರಗಿನ ಕೆಳಗೆ ನುಗ್ಗಿ, ಬೆನ್ನಿನ ಮೇಲೆ ಓಡಾಡಿತು. ನಾನು ಚಾಕ್‌ಪೀಸ್ ಹಿಡಿದು ಕಲ್ಲಾಗಿ ನಿಂತೆ. ಅಟೆಂಡರ್ ಡಸ್ಟರಿನಿಂದ ಅದನ್ನು ಮೆಲ್ಲಗೆ ಎತ್ತಿ ಕಿಟಕಿಯಾಚೆ ಬಿಟ್ಟು, ಛಾವಣಿ ನೋಡಿದರು: "ಮೊನ್ನಿ ಸುಣ್ಣ ಹಚ್ಯಾರ್ರಿ. ಪುಡಿ ಉದ್ರಾಕ ಹತ್ತೈತಿ. ಪಾಪ, ಕಾಲಿಗೆ ಹಿಡಿತ ಸಿಕ್ಕಿಲ್ಲ."

ನಾನು ಹೇಳಬೇಕಾಗಿದ್ದ ವಿವರಣೆ ಅದು. ಮುಂದಿನ ಬೆಂಚಿನ ಹುಡುಗಿ ಪೆನ್ನು ಎತ್ತಿ ಹಿಡಿದು ಕೇಳಿದಳು:

"ಮೇಡಂ, ಪರೀಕ್ಷಿಯಾಗ ಬೀಳಂಗಿಲ್ಲ ಅಂತ ಬರೀಬೇಕ್ರಿ, ಬೀಳತೈತಿ ಅಂತ ಬರೀಬೇಕ್ರಿ?"

೩. ಜೂನ್ ತಿಂಗಳ ಕಪ್ಪೆ

ಜೂನ್ ಬಂತು. ನನ್ನ ಪಾಠ ನೋಡಿ ತೀರ್ಮಾನಿಸಲು ಸಮಿತಿಯ ಮೂವರು ಬರುತ್ತಾರೆ ಅಂತ ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ. ಅಟೆಂಡರ್ ಸಮಾಧಾನ ಮಾಡಿದರು: "ಬಾಯಿ ನಿಮ್ದು, ಕೈ ನಂದು. ಅಂಜಬ್ಯಾಡ್ರಿ."

ಪಾಠ ಶುರುವಾದ ಎರಡೇ ನಿಮಿಷಕ್ಕೆ ಸಮಿತಿಯ ಹಿರಿಯರು ಕನ್ನಡಕ ಏರಿಸಿದರು. "ಕಪ್ಪೆಯನ್ನ ನೀವೇ ಹಿಡಿದು ತೋರಿಸ್ರಿ."

"ನಾ ಹಿಡೀತೀನ್ರಿ ಸರ್" ಅಂತ ಅಟೆಂಡರ್ ಮುಂದೆ ಬಂದರು.

"ಯಾಕ್ರಿ, ಪಾಠ ಮಾಡೋರು ನೀವೇನು?"

ಕಪ್ಪೆ ಇಟ್ಟಿದ್ದ ಬಕೆಟ್ಟಿಗೆ ಕೈ ಹಾಕಿದೆ. ತಣ್ಣಗೆ, ಒದ್ದೆಯಾಗಿ, ಹೆಬ್ಬೆರಳ ಕೆಳಗೆ ಅದರ ಗಂಟಲು ಪಟಪಟ ಅನ್ನುತ್ತಿತ್ತು. ನನ್ನ ಬೆರಳು ಮಡಚಿಕೊಂಡವು, ಅಷ್ಟೇ, ಮತ್ತೆ ಬಿಚ್ಚಲಿಲ್ಲ. ಗಂಡು ಕಪ್ಪೆ ಹೆಣ್ಣನ್ನು ಮುಂಗಾಲಿನಿಂದ ಹಿಡಿದರೆ ಗಂಟೆಗಟ್ಟಲೆ ಬಿಡುವುದಿಲ್ಲ, ಆ ಸ್ನಾಯುವಿನ ಶಕ್ತಿ ಎಂಥದ್ದು ಅಂತ ವಿವರಿಸಿದೆ. ಅಷ್ಟರಲ್ಲಿ ಚಹಾ ಬಂತು. ಎಡಗೈಯಲ್ಲಿ ಕುಡಿದೆ.

"ಸಾಕು, ಬಿಡ್ರಿ. ಹಾರೋದನ್ನ ನೋಡೋಣ" ಅಂದರು ಹಿರಿಯರು.

"ಬಿಡೋಕೆ ಆಗ್ತಿಲ್ಲ" ಅಂತ ಅಟೆಂಡರ್ ಕಿವಿಯಲ್ಲಿ ಪಿಸುಗುಟ್ಟಿದೆ. ಅವರು ಕೈ ಮೇಲೆ ನೀರು ಹಾಕುವ ನೆಪದಲ್ಲಿ ಒಂದೊಂದೇ ಬೆರಳು ಬಿಡಿಸಿದರು. ಕಪ್ಪೆ ಅಳತೆಯ ಟೇಪಿನ ಕಡೆ ನೋಡಲೂ ಇಲ್ಲ. ಒಂದೇ ನೆಗೆತಕ್ಕೆ ಬಕೆಟ್ಟು ಸೇರಿಕೊಂಡಿತು.

ಹಿರಿಯರು ತಲೆದೂಗಿದರು: "ಇಷ್ಟು ಗಟ್ಟಿ ಕೈಯ ಹೆಣ್ಣುಮಗಳನ್ನ ನಾ ನೋಡಿಲ್ಲ."

ವಾರದ ಮೇಲೆ ಅಟೆಂಡರ್ ಆದೇಶದ ಕಾಗದ ತಂದರು. ಮುಖದಲ್ಲಿ ನಗು ಇತ್ತು, ಆದರೆ ಪೂರ್ತಿ ಇರಲಿಲ್ಲ.

"ಮುಂದುವರಿಸ್ಯಾರ್ರಿ ಮೇಡಮ್ಮೋರ. ಕೆಳಗ ಇನ್ನೊಂದು ಸಾಲು ಐತಿ. ಕುಂತು ಓದ್ರಿ."

ಕೂತು ಓದಿದೆ: "ಕಾಲೇಜಿನ ಆವರಣದಲ್ಲಿ ಹಾವು ಕಂಡುಬಂದಲ್ಲಿ ಇನ್ನು ಮುಂದೆ ಇವರನ್ನೇ ಕರೆಯತಕ್ಕದ್ದು."