ಬಿಳಿ ವೈನಿಗೆ ಗಿರಾಕಿ ಬೇಕಾಗಿದ್ದಾರೆ

ಯಲಹಂಕದ ನಮ್ಮ ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ವೈನ್ಸ್’ ಅಂತಿದೆ. ಆದರೆ ಒಳಗೆ ಬಂದು ಯಾರಾದರೂ ನಿಜವಾಗಿ ವೈನ್ ಕೇಳಿದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಕೇಳುವವರಿಗೂ ಬೇಕಾದ್ದು ಕೆಂಪು. ನಂದಿ ಬೆಟ್ಟದ ಕಡೆಯ ವೈನ್ ಅಂದರೆ ಕೆಂಪೇ ಅಂತ ಹೆಸರು. ಅಲ್ಲಿನ ದ್ರಾಕ್ಷಿ ತೋಟದವರೇ ಮಾಡುವ, ಸಿಹಿಯಿಲ್ಲದ ಬಿಳಿ ವೈನನ್ನು ಮೂಸುವವರೂ ಇಲ್ಲ. ಅದಕ್ಕೆ ಮನಸೋತವನು ನಾನೊಬ್ಬನೇ. ನಿಂಬೆಸಿಪ್ಪೆಯ ಘಮ, ನಾಲಿಗೆ ಚುರುಕಾಗುವಷ್ಟು ಹುಳಿ, ಕರಿದ ಮೀನಿನ ಜೊತೆಗಂತೂ ಕೇಳಲೇಬೇಡಿ.

ಕೌಂಟರಿನಲ್ಲಿ ಕೆಲಸ ಮಾಡುವ ನಾನೇ ಹಟ ಮಾಡಿ ಒಂದು ಕೇಸ್, ಅಂದರೆ ಹನ್ನೆರಡು ಬಾಟಲಿ, ತರಿಸಿದೆ. ಅದು ಕೂತಲ್ಲೇ ಧೂಳು ಹಿಡಿಯಿತು. ಕೊನೆಗೆ ಅಂಗಡಿ ಯಜಮಾನರು, “ಮಹಾಲಯ ಅಮಾವಾಸ್ಯೆ ಒಳಗೆ ಇದು ಖಾಲಿ ಆಗ್ಬೇಕು. ಇಲ್ಲಾಂದ್ರೆ ಇನ್ಮೇಲೆ ಬಿಳಿ ವೈನ್ ಮಾತೇ ಎತ್ಬೇಡ” ಅಂದುಬಿಟ್ಟರು. ಅವತ್ತಿನಿಂದ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಅಂಟಿಸತೊಡಗಿದೆ.

ಹಾರ್ಟಿಗೆ ಒಳ್ಳೇದು

ಮೊದಲು ಸಿಕ್ಕವರು ಒಬ್ಬ ನಿವೃತ್ತ ಮೇಷ್ಟ್ರು. ಮಫ್ಲರ್ ಸುತ್ತಿಕೊಂಡು, ಆಚೀಚೆ ನೋಡಿಕೊಂಡು ಬಂದರು.

“ಕುಡಿಯೋಕಲ್ಲಪ್ಪ, ಹಾರ್ಟಿಗೆ. ಕೆಂಪು ವೈನ್ ಕೊಡಿ.”

“ಈ ಬಿಳೀದು ನೋಡಿ ಸಾರ್. ತಣ್ಣಗೆ ಮಾಡ್ಕೊಂಡು ಕುಡೀರಿ, ನನ್ನನ್ನ ನೆನೆಸ್ಕೋತೀರ.”

ಮಾರನೆಯ ದಿನವೇ ಮುಖ ಗಂಟಿಕ್ಕಿಕೊಂಡು ಹಾಜರು. “ಏನ್ರೀ ಇದು, ಒಂಚೂರೂ ಸಿಹಿ ಇಲ್ಲ!”

“ಅದೇ ಸಾರ್ ಅದರ ವಿಶೇಷ.”

“ವಿಶೇಷವೋ ಏನೋ. ಬೆಲ್ಲ, ಏಲಕ್ಕಿ, ಚೂರು ಶುಂಠಿ ಹಾಕಿ ಸರಿಮಾಡ್ದೆ. ಈಗ ಪಾನಕದ ಥರ ಚೆನ್ನಾಗಿದೆ. ಇನ್ನೊಂದು ಕೊಡಿ, ಬೀಗರು ಬರ್ತಿದಾರೆ. ಅವರ ಹಾರ್ಟೂ ವೀಕು.”

ದೀಪದ ಎಣ್ಣೆ

ಇಲ್ಲೇ ಪಕ್ಕದ ಸಿಂಗಾಪುರ ಲೇಔಟಿನ ಒಬ್ಬ ಗಿರಾಕಿಗೆ ಅಮ್ಮನ ಭಯ. ನಾನು ಕೊಟ್ಟ ಬಿಳಿ ವೈನನ್ನು ಖಾಲಿ ಎಣ್ಣೆ ಬಾಟಲಿಗೆ ಸುರಿದು ಅಡುಗೆಮನೆಯಲ್ಲೇ ಬಚ್ಚಿಟ್ಟಿದ್ದಾನೆ. ಬೆಳಗ್ಗೆ ಅಮ್ಮ ಅದನ್ನೇ ದೇವರ ದೀಪಕ್ಕೆ ಹಾಕಿದ್ದಾರೆ. ಬತ್ತಿ ಚಟಪಟ ಅಂದು ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಆ ತಾಯಿ ಬಾಟಲಿ ಸಮೇತ ದಿನಸಿ ಅಂಗಡಿಗೆ ಹೋಗಿ, “ದೇವರ ಎಣ್ಣೆಗೂ ನೀರು ಬೆರೆಸ್ತೀರೇನ್ರೀ?” ಅಂತ ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದರು. ಮಗ ಹಿಂದೆ ಚೀಲ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಅಂಗಡಿಯವನು ಬಾಟಲಿ ಮೂಸಿದ, ಮಗನ ಮುಖ ನೋಡಿದ, ಹೊಸ ಎಣ್ಣೆ ಕೊಟ್ಟ.

ಸಂಜೆ ಮಗ ಬಂದು, “ಗುರು, ಕೆಂಪಾಗಿದ್ರೆ ಸತ್ತೇ ಹೋಗ್ತಿದ್ದೆ. ಇನ್ಮೇಲೆ ಬಿಳೀದೇ ಕೊಡಿ” ಅಂದ.

ಅವನ ಬೆನ್ನಿಗೇ ದಿನಸಿ ಅಂಗಡಿಯವನು ನಿಂತಿದ್ದ. “ನಂಗೂ ಆ ದೇವರ ಎಣ್ಣೆ ಒಂದು.”

ಹಿರಿಯರು ಬಂದಿದ್ರು

ಇಷ್ಟಾದರೂ ಅಮಾವಾಸ್ಯೆ ದಿನ ಅರ್ಧ ಕೇಸ್ ಹಾಗೇ ಇತ್ತು. ಬೆಳಗ್ಗೆ ಜಕ್ಕೂರಿನ ಗೌಡರೊಬ್ಬರು ಓಡಿ ಬಂದರು. ಮಹಾಲಯದ ದಿನ, ತೀರಿಕೊಂಡ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲಿ ಅಂತ ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ.

“ನಮ್ಮಪ್ಪಂಗೆ ಕೆಂಪು ವೈನ್ ಕೊಡಿ. ಬದುಕಿದ್ದಾಗ ಅದೇ ಕುಡೀತಿದ್ದಿದ್ದು.”

ಕೆಂಪು ಖಾಲಿಯಾಗಿತ್ತು. “ಬಿಳೀದಿದೆ. ಬರೋರು ಬಣ್ಣ ನೋಡ್ತಾರಾ?” ಅಂದೆ.

“ಅಪ್ಪ ನೋಡಲ್ಲ. ನಮ್ಮವ್ವ ನೋಡ್ತಾರೆ” ಅಂತ ಗೊಣಗುತ್ತಲೇ ಒಯ್ದರು.

ಸಂಜೆ ಯಜಮಾನರು ಮಿಕ್ಕ ಬಾಟಲಿಗಳನ್ನೂ ನನ್ನನ್ನೂ ದುರುಗುಟ್ಟಿ ನೋಡುತ್ತಿದ್ದಾಗ ಗೌಡರು ಮತ್ತೆ ಬಂದರು. ಕಣ್ಣು ಅರಳಿತ್ತು.

“ಬಾಗಿಲು ತೆಗೆದ್ರೆ ಬಾಟ್ಲು ಖಾಲಿ ಕಣ್ರೀ! ಇಷ್ಟ್ ವರ್ಷ ಎಡೆಗೆ ಕೆಂಪು ಇಟ್ರೆ ಅಪ್ಪ ಒಂದು ತೊಟ್ಟೂ ಮುಟ್ಟಿರ್ಲಿಲ್ಲ.”

“ಒಳಗೆ ಯಾರೂ ಇರ್ಲಿಲ್ವಾ ಗೌಡ್ರೇ?”

“ಯಾರೂ ಇಲ್ಲ. ನಮ್ಮವ್ವ ಒಬ್ರೇ, ಮಂಡಿನೋವು ಏಳಕ್ಕಾಗಲ್ಲ ಅಂತ ಎಡೆ ಪಕ್ಕ ಕೂತಿದ್ರು. ಆಮೇಲೆ ಒಳ್ಳೇ ನಿದ್ದೆ. ನಿದ್ದೇಲಿ ಅಪ್ಪ ಬಂದು, ಇನ್ಮೇಲೆ ಪ್ರತಿ ಅಮಾವಾಸ್ಯೆ ಬರ್ತೀನಿ ಅಂದ್ರಂತೆ. ಇರೋದೆಲ್ಲ ಕಟ್ಟಿ.”

ನಾನು ನಗು ನುಂಗಿಕೊಂಡು ಕಟ್ಟಿದೆ. ಯಜಮಾನರು ಆಗಲೇ ಇನ್ನೊಂದು ಕೇಸಿಗೆ ಫೋನ್ ಹಚ್ಚಿದ್ದರು. ಮೆಟ್ಟಿಲು ಇಳಿದ ಗೌಡರು ತಿರುಗಿ ಬಂದರು.

“ಅಂಗೇ ಮುಂದಿನ ಸಲ ಫ್ರಿಡ್ಜಲ್ಲಿಟ್ಟಿರೋದು ಕೊಡಿ. ಬೆಚ್ಚಗಿತ್ತು ಅಂತ ಅಪ್ಪ ಬೇಜಾರು ಮಾಡ್ಕೊಂಡ್ರಂತೆ. ಜೊತೆಗೆ ಕರಿದ ಮೀನೂ ಇಡ್ಬೇಕಂತೆ.”