ಮೂರು ವಾರ ಆರಿಸಿದ ಚಾಕು

ಒನೊದೆರಾ ಕ್ಯೂಸಾಕು ತಪ್ಪು ಒಪ್ಪಿಕೊಳ್ಳುವ ಜಾತಿಯ ಮನುಷ್ಯನಲ್ಲ. ನಲವತ್ತೊಂದು ವರ್ಷ ಅವನೊಡನೆ ಸಂಸಾರ ಮಾಡಿದ ಇಕುಯೊ ಕೊಟ್ಟ ತೀರ್ಪು ಇದು, ಮೇಲ್ಮನವಿಗೆ ಅವಕಾಶವಿಲ್ಲ. ಅವನು ಪುಟ್ಟ ಲಾರಿಯನ್ನು ಗದ್ದೆಗೆ ಇಳಿಸಿದಾಗ, ಗದ್ದೆ ರಸ್ತೆಗೆ ತೀರಾ ಹತ್ತಿರವಿತ್ತು. ಅನ್ನ ಸೀದಾಗ, ಅಕ್ಕಿಗೆ ಅವಸರವಿತ್ತು. ಮದುವೆಯ ದಿನ ಒಂದು ಗಂಟೆ ತಡವಾಗಿ ಬಂದಾಗ, ಉಳಿದವರೆಲ್ಲ ಬೇಗ ಬಂದುಬಿಟ್ಟಿದ್ದರು!

ಅಂಚೆ ಕಚೇರಿಯಿಂದ ನಿವೃತ್ತನಾಗಿ ಮೂರು ವರ್ಷವಾಗಿದ್ದ ಈ ಮಹಾಶಯ, ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ, ಊಟದ ನಡುವೆ ತುತ್ತೆತ್ತುವ ಕಡ್ಡಿಗಳನ್ನು ಕೆಳಗಿಟ್ಟು ಘೋಷಿಸಿದ.

"ಲೇ, ಗಂಡಸು ಅಂದ್ಮೇಲೆ ಜೇಬಲ್ಲಿ ಒಂದು ಚಾಕು ಇರಬೇಕು. ಮಡಚೋ ಚಾಕು. ಬೆಲೆ ಕಮ್ಮಿ ಇರಬೇಕು, ಮೊಮ್ಮಗನ ಕಾಲಕ್ಕೂ ಬಾಳಬೇಕು."

"ನಮಗೆ ಮೊಮ್ಮಗ ಎಲ್ಲಿದ್ದಾನೆ?"

"ಅವನು ಬರೋದು ತಡ ಆದ್ರೆ ಅದು ಚಾಕುವಿನ ತಪ್ಪಲ್ಲ."

ಅಲ್ಲಿಂದ ಮೂರು ವಾರ ಮನೆಯಲ್ಲಿ ಬೇರೆ ಮಾತಿಲ್ಲ. ದಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಲಗು, ಹಿಡಿ, ತಿರುಗಣಿ, ಬೆಲೆ ಎಂದು ಮನೆ ಮಾಡಿ ತುಂಬಿಸಿದ. ಸ್ಪ್ರಿಂಗ್ ಇದ್ದರೆ ಕೆಡುವ ಭಾಗ ಒಂದು ಹೆಚ್ಚು. ಬೀಗದಂತೆ ಕಚ್ಚಿಕೊಳ್ಳುವ ಕೊಕ್ಕೆಯಿದ್ದರೆ ಇನ್ನೂ ಒಂದು. ಮರದ ಹಿಡಿ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಹಿಡಿ ಮರ್ಯಾದೆ ಬಿಡುತ್ತದೆ. ಪೇಟೆಯ ಅಬಿಕೊ ಮುದುಕನ ಕಬ್ಬಿಣದಂಗಡಿಗೆ ನಾಲ್ಕು ಸಲ ಹೋಗಿ, ಒಂದೊಂದು ಚಾಕುವನ್ನೂ ತೆರೆದು, ಮುಚ್ಚಿ, ಕಿವಿಗೆ ಹಿಡಿದು ಕೇಳಿದ. ಆಮೇಲೆ ಅಬಿಕೊನೇ ಇಕುಯೊಗೆ ಹೇಳಿದ್ದು: "ಹೆಂಡತೀನೂ ಹಿಂಗೇ ನೋಡಿ ಆರಿಸಿದ್ರಾ ಅಂತ ಕೇಳ್ದೆ ಕಣಮ್ಮ. 'ಅವಳನ್ನ ನಮ್ಮಮ್ಮ ಆರಿಸಿದ್ದು, ಜವಾಬ್ದಾರಿ ನಂದಲ್ಲ' ಅಂದ್ರು!"

ಕೊನೆಗೆ ಗೆದ್ದದ್ದು ಸಾವಿರದೈನೂರು ಯೆನ್ನಿನ ಒಂದು ಚಾಕು: ಮಡಚಿದ ಹಿತ್ತಾಳೆ ತಗಡಿನ ಹಿಡಿ, ಒಂದು ಮೊಳೆ, ಒಂದು ಕಬ್ಬಿಣದ ಅಲಗು. ಅವನ ಬಾಲ್ಯದಲ್ಲಿ ಶಾಲೆಯ ಹುಡುಗರೆಲ್ಲ ಪೆನ್ಸಿಲು ಹೆರೆಯುತ್ತಿದ್ದದ್ದು ಇಂಥದ್ದರಲ್ಲೇ.

"ಸ್ಟೀಲಿಂದು ತಗೊಳ್ಳಿ, ಗೋಳಿರಲ್ಲ" ಎಂದ ಅಬಿಕೊ.

"ತುಕ್ಕು ಹಿಡಿಯೋಕೂ ಯೋಗ್ಯತೆ ಇಲ್ಲದ್ದು ಚಾಕೂನಾ?"

"ಸರಿ. ಆದ್ರೆ ಒರೆಸಿಡಿ. ಹುಳಿ, ಒಗರು ಮುಟ್ಟಿಸಿದ್ರೆ..." ಎನ್ನುವಷ್ಟರಲ್ಲಿ ಕ್ಯೂಸಾಕು ಬಾಗಿಲು ದಾಟಿದ್ದ.

ಮನೆಗೆ ಬಂದ ವೀರನಿಗೆ ಇಕುಯೊ ಒಂದೇ ಪ್ರಶ್ನೆ ಕೇಳಿದಳು. "ಇದನ್ನ ಜೇಬಲ್ಲಿಟ್ಕೊಂಡು ಪೇಟೆ ಸುತ್ತಿದ್ರೆ, ಠಾಣೆಯವರು 'ಯಾಕಪ್ಪಾ' ಅಂತ ಕೇಳಲ್ವಾ?"

ಕೇಳುತ್ತಾರೆ. ಕೇಳಿದಾಗ ತಕ್ಕ ಕಾರಣವಿಲ್ಲದಿದ್ದರೆ ಠಾಣೆಯಲ್ಲೇ ಕೂರಿಸುತ್ತಾರೆ. 'ಗಂಡಸು ಅಂದ್ಮೇಲೆ' ಎನ್ನುವುದನ್ನು ಕಾನೂನು ಕಾರಣವೆಂದು ಒಪ್ಪುವುದಿಲ್ಲ. ಹೀಗೆ ಮೂರು ವಾರದ ತಪಸ್ಸಿನ ಚಾಕುವಿನ ಸಾಮ್ರಾಜ್ಯ ಅಂಗಳದ ಬೇಲಿಗೆ ಮುಗಿಯಿತು! ಬೇಲಿಯೊಳಗೆ ಬಿಗಿಯಾಗಿ ಕಟ್ಟಿದ್ದದ್ದೆಲ್ಲ ಅವನಿಗೆ ಶತ್ರುವಾಯಿತು. ಅಕ್ಕಿ ಮೂಟೆಯ ದಾರ ಕತ್ತರಿಸಿದ. ಇಕುಯೊಳ ತಂಗಿ ಕಳಿಸಿದ ಪಾರ್ಸೆಲ್ಲಿನ ದಾರವನ್ನೂ, ಅದರೊಳಗಿದ್ದ ಸ್ವೆಟರಿನ ತೋಳನ್ನೂ ಒಟ್ಟಿಗೆ ಕತ್ತರಿಸಿದ. ತಪ್ಪು ಮಡಚಿದವಳದು.

ಇಷ್ಟಕ್ಕೇ ನಿಂತಿದ್ದರೆ ಇಕುಯೊ ಸುಮ್ಮನಿರುತ್ತಿದ್ದಳು. ಆದರೆ ಅದು ಕಾಕಿ ಹಣ್ಣಿನ ಕಾಲ. ಹಸಿಯಾಗಿ ಕಚ್ಚಿದರೆ ಒಗರಿಗೆ ನಾಲಿಗೆ ಮರಗಟ್ಟುವ ಹಣ್ಣು. ಸಿಪ್ಪೆ ಸುಲಿದು ಸರ ಕಟ್ಟಿ ಸೂರಿನಡಿ ತೂಗಿ ಒಣಗಿಸಿದರೆ ಜೇನು. ಪ್ರತಿ ವರ್ಷ ಊರ ರೈಲು ನಿಲ್ದಾಣದ ಮುಂದೆ ಇಂಥ ಎಂಟು ಸರ ತೂಗಿ, ಕೆಳಗೆ ಹಲಗೆಯ ಮೇಲೆ ಸುಲಿದವಳ ಹೆಸರು ಬರೆಯುವುದು ಮಹಿಳಾ ಸಂಘದ ಪದ್ಧತಿ. ಇಷ್ಟು ವರ್ಷ ಸಂಘದ ಅಧ್ಯಕ್ಷೆ ಮಿತ್ಸುಯೆಗೆ ತನ್ನ ಮನೆಯ ಹಣ್ಣೇ ಚೆಂದ ಕಾಣುತ್ತಿತ್ತು. ಈ ಸಲ ಮೊದಲ ಬಾರಿಗೆ ಇಕುಯೊಳ ಸರದಿ. ಅಂಗಳದ ಮರದಿಂದ ಎಂಬತ್ತು ಹಣ್ಣು ಕೊಯ್ದಿಟ್ಟು ಅವಳು ಮಂಗಳವಾರ ಸಂಘದ ಸಭೆಗೆ ಹೋದಳು.

ಸಂಜೆ ಬಂದು ನೋಡಿದರೆ ಎಂಬತ್ತೂ ಸುಲಿದು ಸಾಲಾಗಿ ಕೂತಿವೆ. ಬಣ್ಣ ಮಾತ್ರ ಕಿತ್ತಳೆಯಲ್ಲ. ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ!

"ಇದೇನ್ರೀ ಇದು?"

"ಬೆಳಕು ಸರಿಯಿಲ್ಲ. ಮೋಡ."

"ಮೋಡ ಬಂದ್ರೆ ಹಣ್ಣು ಕಪ್ಪಾಗುತ್ತಾ? ಒಗರಿಗೆ ಕಬ್ಬಿಣ ತಾಗಿಸಿದ್ದೀರಿ ನೀವು!"

"ಚಾಕು ಉತ್ತಮವಾದದ್ದೇ. ಈ ಮರದ ಜಾತಿ ಸರಿಯಿಲ್ಲ."

"ಆ ಮರ ನಿಮ್ಮಪ್ಪ ನೆಟ್ಟದ್ದು!"

"ಅಪ್ಪ ನೆಟ್ಟದ್ದೇ ತಪ್ಪು ಜಾಗದಲ್ಲಿ."

ಸತ್ತು ಇಪ್ಪತ್ತೆರಡು ವರ್ಷವಾದ ಮಾವನೂ ಆರೋಪಿಯಾದ ಮೇಲೆ ಇಕುಯೊ ವಾದ ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ತಾನೇ ಏಣಿ ಹತ್ತಿ, ಹಕ್ಕಿಗೆಂದು ತುದಿಯಲ್ಲಿ ಒಂದನ್ನು ಬಿಟ್ಟು, ಉಳಿದ ನಲವತ್ತು ಹಣ್ಣು ಇಳಿಸಿ, ಸ್ಟೀಲಿನ ಅಡುಗೆ ಚಾಕುವಿನಲ್ಲಿ ಸುಲಿದು, ಕುದಿಯುವ ನೀರಲ್ಲಿ ಅದ್ದಿ, ನಾಲ್ಕು ಸರ ಮಾಡಿ ಮುಂದಿನ ಸೂರಿಗೆ ತೂಗಿದಳು. ಕಪ್ಪು ಸರಗಳು ಹಿತ್ತಿಲಿಗೆ ಹೋದವು. ತಿನ್ನಲು ಅಡ್ಡಿಯಿರಲಿಲ್ಲ, ಕಣ್ಣಿಗೆ ಮಾತ್ರ ಅಡ್ಡಿ.

ಶನಿವಾರ ಮಿತ್ಸುಯೆ ಕೈಯಲ್ಲಿ ಹೆಸರಿನ ಹಲಗೆ, ಕುಂಚ ಹಿಡಿದು, ಹಿಂದೆ ಐದಾರು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಇನ್ನೊಬ್ಬರ ಮನೆಗೆ ಬಂದು ಹಿತ್ತಿಲು ನೋಡದೆ ಹೋಗುವ ಅಭ್ಯಾಸ ಅವಳಿಗಿಲ್ಲ.

"ಅಯ್ಯೋ, ಇಕುಯೊಸಾನ್! ಇದೇನಿದು, ಇದ್ದಿಲು ಒಣಗಿಸ್ತಿದ್ದೀರಾ?"

ಇಕುಯೊಗೆ ಗಂಡನ ಹೆಸರು ನಾಲಿಗೆಯ ತುದಿಯವರೆಗೂ ಬಂತು. ಆದರೆ ಮನೆಯಲ್ಲಿ ಗಂಡನನ್ನು ಹರಿದು ಹಂಚುವುದು ಬೇರೆ, ಮಿತ್ಸುಯೆಯ ಎದುರು ಬಿಟ್ಟುಕೊಡುವುದು ಬೇರೆ.

"ಮುಂದೆ ನಾಲ್ಕೇ ಸರ ಇದೆ. ಇರ್ಲಿ, ನಮ್ಮೂರಿಗೆ ದಿನಕ್ಕೆ ಬರೋದೂ ನಾಲ್ಕೇ ರೈಲು" ಎಂದಳು ಮಿತ್ಸುಯೆ. "ಸರ ಕಮ್ಮಿ ಆದ್ರೆ ಚಿಂತೆಯಿಲ್ಲ. ಆದ್ರೆ ಸುಲಿಯೋ ಕೈಯೇ ಕೆಟ್ಟಿದ್ರೆ, ಆ ಕೈಯ ಹೆಸರನ್ನ ನಾನು ಹಲಗೆ ಮೇಲೆ ಹೆಂಗೆ ಬರೀಲಿ? ವಯಸ್ಸು ಯಾರನ್ನೂ ಬಿಡಲ್ಲ ಬಿಡಿ. ಹೇಳಿ, ಇದು ಯಾರ ಕೈ?"

ಹೆಂಗಸರೆಲ್ಲ ಇಕುಯೊಳ ಮುಖ ನೋಡಿದರು. ಅಷ್ಟರಲ್ಲಿ ಸೌದೆ ಕೊಟ್ಟಿಗೆಯಿಂದ ಕ್ಯೂಸಾಕು ಹೊರಗೆ ಬಂದ. ಬಂದವನು ಒಮ್ಮೆ ಆಕಾಶ ನೋಡಿದ, ಒಮ್ಮೆ ಮರ ನೋಡಿದ. ಮುಂದೆ ಬರಲಿರುವುದು ಮೋಡ, ಜಾತಿ, ಮಾವ ಎಂದು ಇಕುಯೊ ಮನಸ್ಸಿನಲ್ಲೇ ಎಣಿಸಿ ಕಣ್ಣು ಮುಚ್ಚಿದಳು.

ಅವಳು ಕಣ್ಣು ತೆರೆದಾಗ ಕ್ಯೂಸಾಕು ಕೆಲಸದ ಕೈಗವಸು ಒಂದೊಂದಾಗಿ ಕಳಚುತ್ತಿದ್ದ. ಎರಡನೆಯ ಗೆಣ್ಣಿನವರೆಗೂ ಇದ್ದಿಲಿನಂತೆ ಕಪ್ಪಾಗಿದ್ದ ಹತ್ತು ಬೆರಳನ್ನೂ ಬಿಡಿಸಿ, ಮಿತ್ಸುಯೆಯ ಕನ್ನಡಕದ ಮುಂದೆ ಹಿಡಿದ.

"ಈ ಕೈ" ಎಂದ. "ಚಾಕು ಆರಿಸಿದ್ದೂ ಇದೇ."