ಓಡಿಹೋದ ರಸಬಾಳೆ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಚಿಟಿಕೆ ವಿಭೂತಿ.

ತಿ. ನರಸೀಪುರಕ್ಕೆ ಜನ ಎರಡು ನದಿ ಸೇರುವುದನ್ನು ನೋಡಲು ಬರುತ್ತಿದ್ದದ್ದು ಹಳೆಯ ಕಾಲದ ಮಾತು. ಆ ಶುಕ್ರವಾರ ದೊಡ್ಡಸಿದ್ದಯ್ಯನವರ ದಿನಸಿ ಅಂಗಡಿಯಲ್ಲಿ ನಡೆದದ್ದನ್ನು ನೋಡಲು ಆ ನದಿಗಳೇ ದಂಡೆ ಹತ್ತಿ ಬರಬೇಕಿತ್ತು. ಶೆಲ್ಫುಗಳ ಮೇಲಿದ್ದ ಕಾಗದದ ಬೆಲೆಚೀಟಿಗಳು ಹೋಗಿ ಎಲೆಕ್ಟ್ರಾನಿಕ್ ಚೀಟಿಗಳು ಬಂದಿದ್ದವು. ಮಾಲೀಕರು ಗಲ್ಲಾದಲ್ಲಿ ಕೂತು ಮೊಬೈಲಿನ ಮೇಲೆ ಬೆರಳಾಡಿಸಿದರೆ ಆ ಮೂಲೆಯ ಬೇಳೆಯ ಬೆಲೆ ತಾನಾಗಿ ಬದಲಾಗುತ್ತಿತ್ತು. ಅಷ್ಟೇ ಆಗಿದ್ದರೆ ನರಸೀಪುರದವರು ಹುಬ್ಬು ಕೂಡ ಏರಿಸುತ್ತಿರಲಿಲ್ಲ. ಆದರೆ ಈ ಚೀಟಿಗಳಿಗೆ ತಾವು ಎಲ್ಲಿದ್ದೇವೆ ಎಂಬುದು ತಮಗೇ ಗೊತ್ತಿತ್ತು! ಛಾವಣಿಯ ಬಿಳಿ ಡಬ್ಬಿಗಳ ಜೊತೆ ತಂತಿಯಿಲ್ಲದೆ ಪಿಸುಗುಟ್ಟಿ, ‘ನಾನು ಉಪ್ಪು, ಇಗೋ ಇಲ್ಲಿದ್ದೀನಿ’ ಎಂದು ವರದಿ ಒಪ್ಪಿಸುತ್ತಿದ್ದವು. ಬಾಗಿಲಲ್ಲಿ ಎಮ್ಮೆಯಷ್ಟು ದೊಡ್ಡ ಟಿವಿ. ಅದರ ಮುಂದೆ ನಿಂತು ‘ಉಪ್ಪು’ ಎಂದರೆ ಸಾಕು, ಅಂಗಡಿಯ ನಕ್ಷೆಯಲ್ಲಿ ಉಪ್ಪಿರುವ ಕಡೆ ಕೆಂಪು ಚುಕ್ಕೆ ಮಿಣಮಿಣ ಎನ್ನುತ್ತಿತ್ತು. ಮನೆಯಲ್ಲಿ ಕನ್ನಡಕ ಹುಡುಕುತ್ತಲೇ ಅರ್ಧ ಆಯಸ್ಸು ಕಳೆದ ಜನ ಅದನ್ನು ಕಂಡು ಕೈಮುಗಿದರೆ ತಪ್ಪೇನು?

ಇಷ್ಟೆಲ್ಲ ಅದ್ಭುತದ ನಡುವೆ ಚಲುವಯ್ಯನ ಕಣ್ಣು ಮಾತ್ರ ಒಂದು ಕುರ್ಚಿಯ ಮೇಲಿತ್ತು. ಶೆಲ್ಫು ಜೋಡಿಸುವ ಕೆಲಸದ ಅವನು ಆ ಅಂಗಡಿಗೆ ಸೇರಿದಾಗಿನಿಂದ ಕೂತವನಲ್ಲ. ಅವನು ಬಗ್ಗಿ ಎದ್ದರೆ ಮಂಡಿಯ ಕಟಕಟ ದೂರದ ಹೆಮ್ಮಿಗೆ ಊರಿನವರೆಗೂ ಕೇಳುತ್ತಿತ್ತು. ನಂಜನಗೂಡಿನಲ್ಲಿ ತೆರೆಯುವ ಹೊಸ ಅಂಗಡಿಯ ಇನ್‌ಚಾರ್ಜ್‌ಗೆಂದು ತಂದ ತಿರುಗುವ ಕುರ್ಚಿ ಗೋಡೌನಿನಲ್ಲಿ ಪ್ಲಾಸ್ಟಿಕ್ ಹೊದ್ದು ಕಾಯುತ್ತಿತ್ತು. ಸಂಜೆ ಟೆಂಪೋದಲ್ಲಿ ಹೊರಡಲಿತ್ತು.

“ಇವತ್ತು ಒಂದೂ ತಕರಾರು ಬರ್ದಂಗೆ ನೋಡ್ಕೊ. ಕುರ್ಚಿ ನಿಂದೇ,” ಎಂದಿದ್ದರು ದೊಡ್ಡಸಿದ್ದಯ್ಯ. ಪೈಪೋಟಿಗಿದ್ದವನು ಬಿಲ್ಲು ಹಾಕುವ ಮದನ್ ಒಬ್ಬನೇ. ಭೂಕಂಪವಾದರೂ ಸ್ಟೂಲು ಬಿಟ್ಟೇಳದ ಆಸಾಮಿ.

ಚೀಟಿ ಅಳವಡಿಸಲು ಮೈಸೂರಿನಿಂದ ಬಂದಿದ್ದ ಪಲ್ಲವಿ ತಿಂಡಿಗೆ ಹೋಗುವ ಮುಂಚೆ ಎಚ್ಚರಿಸಿದ್ದಳು. “ಯಾರೂ ಚೀಟಿ ಕೀಳಬೇಡಿ. ಚೀಟಿ ಎಲ್ಲಿರುತ್ತೋ ಸಾಮಾನೂ ಅಲ್ಲೇ ಇದೆ ಅನ್ಕೊಳ್ಳುತ್ತೆ ಟಿವಿ.”

ಅವಳು ಅತ್ತ ಹೋದಳು, ಇತ್ತ ಮಾಲೀಕರ ತಾಯಿ ಚನ್ನಬಸಮ್ಮ ವಿಭೂತಿ ತಟ್ಟೆ ಹಿಡಿದು ಬಂದರು.

“ಪೂಜೆ ಇಲ್ದೆ ಮಿಷನ್ನು ಸುರು ಮಾಡ್ಬುಟ್ರಾ? ಎಲ್ಲಾನೂ ಕಿತ್ಕೊಂಡ್ ಬಂದು ದೇವರ ಮುಂದಿಡೋ.”

“ಅವ್ವಾ, ಕೀಳಬಾರ್ದಂತೆ...” ಎಂದ ಚಲುವಯ್ಯ.

“ಕುರ್ಚಿ ಮೇಲೆ ಕೂರೋನು ಇಂಗೆ ಅಡ್ಡ ಮಾತಾಡ್ತಾನೇನೋ?”

ಕುರ್ಚಿ ಎಂದದ್ದೇ ತಡ, ಚಲುವಯ್ಯ ಕಳೆ ಕಿತ್ತಂತೆ ಚೀಟಿಗಳನ್ನೆಲ್ಲ ಕಿತ್ತು ಬುಟ್ಟಿ ತುಂಬಿ ದೇವರ ಮೂಲೆಯಲ್ಲಿಟ್ಟ. ಚನ್ನಬಸಮ್ಮ ಒಂದೊಂದಕ್ಕೂ ಮೂರು ಗೆರೆ ಎಳೆಯುತ್ತಿರುವಾಗಲೇ ಬಾಗಿಲು ತೆರೆದು ಜನ ನುಗ್ಗಿದರು.

ಮುಂದಿದ್ದವಳು ಮುಡುಕುತೊರೆಯ ಚಿಕ್ಕಮಾದಮ್ಮ. “ಸಕ್ರೆ ಎಲ್ಲದೆ?” ಎಂದು ಟಿವಿಯನ್ನು ಕೇಳಿದಳು. ಪಕ್ಕದಲ್ಲಿ, ಬಸ್ ಕಂಡಕ್ಟರಾಗಿ ರಿಟೈರಾದ ತಿಮ್ಮಯ್ಯ ಯಾರೂ ಕೇಳದಿದ್ದರೂ ಚುಕ್ಕೆ ಓದಿ ಹೇಳುವ ಡ್ಯೂಟಿ ವಹಿಸಿಕೊಂಡಿದ್ದ.

“ದೇವರ ಹತ್ರ.”

“ಬೇಳೆ?”

“ಅದೂ ದೇವರ ಹತ್ರ.”

“ಪೊರಕೆ?”

“ದೇವರ ಹತ್ರಾನೇ. ಮುಂದಕ್ ನಡೀರಿ, ಮುಂದಕ್ ನಡೀರಿ!”

ಚಿಕ್ಕಮಾದಮ್ಮನ ಕಣ್ಣು ತುಂಬಿ ಬಂತು. “ಎಲ್ಲಾ ಶಿವಂದೇ ಅಂತದಲ್ರವ್ವಾ! ಎಂಥಾ ಗ್ಯಾನಿ ಮಿಷನ್ನು!” ಜನ ಸಾಲಾಗಿ ಹೋಗಿ ನಮಸ್ಕರಿಸಿದರು, ವಿಭೂತಿ ಹಚ್ಚಿಕೊಂಡರು, ಏನೂ ಕೊಳ್ಳದೆ ಪರಮ ತೃಪ್ತಿಯಿಂದ ಬಾಗಿಲ ಕಡೆ ಹೊರಟರು.

ದೊಡ್ಡಸಿದ್ದಯ್ಯ ಗುಡುಗಿದ ಗುಡುಗಿಗೆ ಸಂಗಮದ ನೀರು ಎರಡು ಪಾಲಾಗಿರಬೇಕು. “ಚಲುವಯ್ಯಾ! ಇನ್ನೊಂದ್ ಸಲ ಜನ ಇಂಗೆ ಗುಂಪು ಕಟ್ಕೊಂಡು ಬರ್ಲಿ, ಕುರ್ಚಿ ಮರ್ತುಬುಡು!”

ಓಡಿ ಬಂದ ಪಲ್ಲವಿಯ ಜೊತೆ ಸೇರಿ ಅವನು ಚೀಟಿಗಳನ್ನು ಮತ್ತೆ ಸಿಕ್ಕಿಸಿದ. ಒಂದೊಂದರ ಮೇಲೂ ಅದರದರ ಹೆಸರಿದ್ದದ್ದರಿಂದ ಬಚಾವಾದ. ಕೊನೆಗೆ ಉಳಿದದ್ದು ಒಂದೇ, ‘ನಂಜನಗೂಡು ರಸಬಾಳೆ’. ಹಣ್ಣಿನ ಟೆಂಪೋ ನಂಜನಗೂಡಿನಿಂದ ಇನ್ನೂ ಬಂದಿರಲಿಲ್ಲ. ಬಂದಾಗ ಹಾಕೋಣ ಎಂದು ಚೀಟಿಯನ್ನು ಹೆಗಲ ಟವಲಿಗೆ ಸಿಕ್ಕಿಸಿಕೊಂಡ. ಸಿಕ್ಕಿಸಿಕೊಂಡದ್ದನ್ನು ಮರೆತ.

ಇತ್ತ ಚಿಕ್ಕಮಾದಮ್ಮ ಹೊರಗೆ ‘ಅಸಲಿ ರಸಬಾಳೆ, ಇಂದು ಮಾತ್ರ’ ಎಂಬ ಬ್ಯಾನರು ನೋಡಿ ವಾಪಸ್ ಬಂದು ಟಿವಿಯ ಮುಂದೆ ‘ರಸಬಾಳೆ’ ಎಂದಳು. ಹಿಂದೆ ಊರಿಗೆ ಊರೇ ಬಂತು.

“ಸೋಪಿನ ಹತ್ರ!” ಎಂದ ತಿಮ್ಮಯ್ಯ. ಎಲ್ಲರೂ ಸೋಪಿನತ್ತ ಓಡಿದರು. “ತಡೀರಿ, ಎಣ್ಣೆ ಕಡೆ ತಿರುಗ್ತು! ಅಲ್ಲಲ್ಲ, ಹಪ್ಪಳ! ಅಯ್ಯಯ್ಯೋ, ಬಾಳೆಹಣ್ಣು ಓಡ್ತಾ ಅದೆ ಕಣ್ರಪ್ಪೋ!”

ಚಲುವಯ್ಯ ತಿರುಗಿ ನೋಡಿದ. ಜನ ಗುಂಪು ಕಟ್ಟಿಕೊಂಡು ತನ್ನತ್ತಲೇ ಬರುತ್ತಿದ್ದಾರೆ! ತಕರಾರೇ ಸರಿ, ಕುರ್ಚಿ ಹೋಯಿತು ಎಂದುಕೊಂಡವನೇ ಉದ್ದಿನಬೇಳೆಯ ಸಂದಿಗೆ ನುಗ್ಗಿದ. ಅವನು ಓಡಿದಷ್ಟೂ ಚುಕ್ಕೆ ಓಡಿತು, ಚುಕ್ಕೆ ಓಡಿದಷ್ಟೂ ಜನ ಓಡಿದರು. ಮಂಡಿನೋವಿನವನು ಆ ಹೊತ್ತು ಓಡಿದ ಓಟವನ್ನು ಕುದುರೆಗಳು ನೋಡಿದ್ದರೆ ಮೈಸೂರು ರೇಸಿನಿಂದ ಹೆಸರು ವಾಪಸ್ ಪಡೆಯುತ್ತಿದ್ದವು. ಕೊನೆಗೆ ಗೋಡೌನಿಗೆ ನುಗ್ಗಿ, ಏದುಸಿರು ತಡೆಯಲಾರದೆ, ಜೀವಮಾನದಲ್ಲಿ ಮೊದಲ ಸಲ ಆ ಕುರ್ಚಿಯ ಮೇಲೆ ಕೂತ. ಆಹಾ! ಹತ್ತಿಯ ಮೋಡದ ಮೇಲೆ ಕೂತಂತಿತ್ತು.

“ನಿಂತ್ಕೊಂತು! ಗೋಡೌನು!” ತಿಮ್ಮಯ್ಯನ ಕೂಗಿನ ಹಿಂದೆಯೇ ಬಾಗಿಲು ಒಡೆಯುವಂತೆ ಜನ ಬಂದರು.

“ಎಲ್ಲಿ ಬಚ್ಚಿಟ್ಟಿದ್ದೀಯಲಾ ಹಣ್ಣಾ?” ಚಿಕ್ಕಮಾದಮ್ಮ ಅವನ ಟವಲು ಹಿಡಿದಳು.

ಆಗ ಅವನಿಗೆ ಚೀಟಿ ಕಾಣಿಸಿತು. “ಅಕ್ಕಾ, ಇದು ಬರೀ ಚೀಟಿ. ಹಣ್ಣು ಇನ್ನೂ ಬಂದೇ ಇಲ್ಲ!”

“ದೇವರ ಹತ್ರ ಕರ್ಕೊಂಡೋದ ಮಿಷನ್ನು ಸುಳ್ಳು ಹೇಳ್ತದಾ? ನೀನೇ ಸುಳ್ಳ!”

ದೊಡ್ಡಸಿದ್ದಯ್ಯ ಬಂದಾಗ ಚಲುವಯ್ಯ ಕಣ್ಣು ಮುಚ್ಚಿಕೊಂಡ. ಆದರೆ ಮಾಲೀಕರ ಮುಖ ಹುಣ್ಣಿಮೆಯಾಗಿತ್ತು. ಓಡುವವರ ಕೈ ಸುಮ್ಮನಿದ್ದೀತೆ? ಸೋಪಿನ ಸಾಲಿನಲ್ಲಿ ಸೋಪು, ಹಪ್ಪಳದ ಸಾಲಿನಲ್ಲಿ ಹಪ್ಪಳ, ಸಿಕ್ಕಿದ್ದೆಲ್ಲ ಬುಟ್ಟಿಗೆ ಬಿದ್ದಿತ್ತು. ಬಿಲ್ಲಿನ ಸಾಲು ಬಸ್‌ಸ್ಟ್ಯಾಂಡ್ ದಾಟಿ ಹೊಳೆಗೆ ಇಳಿದಿತ್ತು.

“ಚಲುವಾ, ನೀನು ಬಂಗಾರ ಕಣೋ!” ಎಂದು ಅವರು ಅಪ್ಪಿಕೊಂಡರು.

“ಅಂಗಾರೆ ಕುರ್ಚಿ, ಸಾ?”

“ಬರೀ ಕೂರೋಕೆ ನೀನ್ಯಾಕೋ? ಕೂರೋದ್ರಲ್ಲಿ ಮದನ್‌ನ ಮೀರಿಸ್ದೋರಿಲ್ಲ, ಅವನು ಹೋಗ್ತಾನೆ. ಜನಾನ ಇಂಗೆ ಓಡಿಸೋನು ನಂಗೆ ಇನ್ನೆಲ್ಲಿ ಸಿಗ್ತಾನೆ? ಚೀಟಿ ಹೆಗಲ ಮೇಲೇ ಇರ್ಲಿ, ದಿನಾ ಓಡಾಡ್ತಿರು. ನಿಂತ್ರೆ ಟಿವೀಲಿ ನಂಗೆ ಗೊತ್ತಾಯ್ತದೆ.”

ಸಂಜೆ ನಂಜನಗೂಡಿನ ಟೆಂಪೋ ಬಂತು. ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಏರಿಸುವ ಭಾಗ್ಯವೂ ಚಲುವಯ್ಯನದೇ. ಹತ್ತಿ ನೋಡಿದರೆ ಟಾರ್ಪಾಲಿನಡಿ ಘಮಘಮ ಎನ್ನುವ ರಸಬಾಳೆ ಗೊನೆಗಳು! ಇಳಿಸಬೇಕಾದವನೂ ಅವನೇ. ಮದನ್ ಇನ್ನೂ ಮಾಲೀಕರ ಕಾಲಿಗೆ ಬೀಳುತ್ತಿದ್ದ. ಚಲುವಯ್ಯ ಗೊನೆಗಳನ್ನು ನೋಡಿದ, ಕುರ್ಚಿಯನ್ನು ನೋಡಿದ. ಕೂತೇಬಿಟ್ಟ. ಹೀಗೇ ನಂಜನಗೂಡು ಸೇರಿಬಿಟ್ಟರೆ ಯಾರು ಎಬ್ಬಿಸುತ್ತಾರೆ?

“ಹೊರಡಣ್ಣಾ, ಬೇಗ!” ಎಂದು ಡ್ರೈವರಿಗೆ ಕೂಗಿದ.

ಒಳಗೆ ತಿಮ್ಮಯ್ಯ ಬಾಯಿ ಬಡಿದುಕೊಂಡ. “ಚುಕ್ಕೆ ಬಾಗ್ಲು ದಾಟ್ತು! ಟೆಂಪೋ ಹತ್ತಿಬುಡ್ತು!”

“ಶಿವನೇ! ರಸಬಾಳೆ ವಾಪಸ್ ನಂಜನಗೂಡಿಗೆ ಒಂಟೋಯ್ತದೆ, ಇಡ್ಕಳ್ರಲಾ!” ಹಣ್ಣಿಗೆಂದು ಇನ್ನೂ ಕಾದಿದ್ದ ಚಿಕ್ಕಮಾದಮ್ಮನ ಪಡೆ ನುಗ್ಗಿ ಚಲುವಯ್ಯನನ್ನು ಕುರ್ಚಿಯಿಂದ ಕೆಳಗೆಳೆಯಿತು. ಸಿಕ್ಕ ಸಂದಿನಲ್ಲಿ ಮದನ್ ಹತ್ತಿ ಕೂತ.

“ಅಯ್ಯೋ, ಹಣ್ಣು ಅಲ್ಲಿ ಅವೆ, ಟೆಂಪೋಲಿ! ಟಾರ್ಪಾಲ್ ಕೆಳಗೆ!”

“ಮುಚ್ಚಲಾ! ಟಿವೀಲಿ ನಿನ್ನ ಹತ್ರಾನೇ ತೋರಿಸ್ತಾ ಅದೆ!”

ತಿಮ್ಮಯ್ಯ ಹಳೆಯ ಅಭ್ಯಾಸದಂತೆ ಟೆಂಪೋದ ಬೆನ್ನಿಗೆ ಎರಡು ಬಾರಿಸಿದ. “ರೈಟ್, ರೈಟ್!”

ಗೊನೆಗಳು, ಮದನ್, ತಿರುಗುವ ಕುರ್ಚಿ, ಮೂರೂ ನಂಜನಗೂಡಿನ ದಾರಿ ಹಿಡಿದವು. ಚಲುವಯ್ಯನ ಎರಡೂ ರೆಟ್ಟೆ ಹಿಡಿದು ಜನ ಗೆದ್ದವರಂತೆ ಅವನನ್ನು ಒಳಗೆ ಕರೆತಂದರು. ಟಿವಿಯಲ್ಲಿ ಕೆಂಪು ಚುಕ್ಕೆ ಅವರ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿ, ಕೂದಲೆಳೆಯಷ್ಟೂ ತಪ್ಪದೆ, ಹಣ್ಣಿನ ಖಾಲಿ ಸ್ಟ್ಯಾಂಡಿನ ಮುಂದೆ ಬಂದು ನಿಂತಿತು.